ಎದುರು ಮನೆಗೆ ಹೊಂದುವ ಟೀವಿ

ನವೆಂಬರ್ ಹನ್ನೊಂದನೆಯ ತಾರೀಖು, ಮಂಗಳವಾರ. ಆ ದಿನಕ್ಕೆ ನಮ್ಮ ಬೀದಿಯ ಇಪ್ಪತ್ತಾರು ಮನೆಗಳಲ್ಲಿ ಇಪ್ಪತ್ತನಾಲ್ಕಕ್ಕೆ ಹೊಸ ಟೀವಿ ಬಂದಿತ್ತು. ಉಳಿದ ಎರಡರಲ್ಲಿ ಒಂದು ನನ್ನದು, ಇನ್ನೊಂದು ನನ್ನ ಎದುರಿನ ಹೂವಿನ ಹಾಲಮ್ಮನವರದು. ಬೇರೆ ಯಾವ ಎರಡೂ ಉಳಿಯಲು ಸಾಧ್ಯವಿರಲಿಲ್ಲ. ನಮ್ಮ ಊರಿನಲ್ಲಿ ಟೀವಿಯನ್ನು ಒಬ್ಬರೇ ಕೊಳ್ಳಲಾಗುವುದಿಲ್ಲ.

ಸಂಜೆ ಏಳಕ್ಕೆ ಎಲ್ಲ ಕಾರ್ಯಕ್ರಮಗಳೂ ನಿಲ್ಲುತ್ತವೆ. ಪ್ರತಿ ಟೀವಿಯಲ್ಲೂ ಎದುರು ಮನೆಯ ನಡುಮನೆ ಕಾಣುತ್ತದೆ. ಶಬ್ದ ಬರುವುದಿಲ್ಲ. ಏಳೂವರೆಗೆ ವಾರ್ತೆ ಮತ್ತೆ ಶುರುವಾಗುತ್ತದೆ. ಈ ಅರ್ಧ ಗಂಟೆಗೆ ನಾವು ಎದುರು ಹೊತ್ತು ಎನ್ನುತ್ತೇವೆ. ಬಾಡಿಗೆ ಮನೆ ಹುಡುಕಿ ಬಂದವರು ನೀರು ಗಾಳಿ ವಿಚಾರಿಸುವ ಮೊದಲು ಎದುರಿಗೆ ಯಾರಿದ್ದಾರೆ ಎಂದು ಕೇಳುತ್ತಾರೆ. ಸುಣ್ಣ ಬಳಿಯುವವರು ಕಾಣುವ ಗೋಡೆಗೊಂದು ದರ, ಕಾಣದ ಗೋಡೆಗೊಂದು ದರ ಹೇಳುತ್ತಾರೆ. ನಮ್ಮ ಪಕ್ಕದ ಮನೆಯ ದಂಪತಿಗಳು ಜಗಳವನ್ನು ಏಳಕ್ಕೆ ನಿಲ್ಲಿಸಿ, ಏಳೂವರೆಗೆ ಬಿಟ್ಟ ಮಾತಿನಿಂದಲೇ ಮುಂದುವರಿಸುವುದನ್ನು ನಾನು ಗೋಡೆಯಾಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಆ ಹೊತ್ತಿನಲ್ಲಿ ಟೀವಿ ಆರಿಸಿದರೆ ಎದುರಿನವರಿಗೆ ಅವಮಾನ ಮಾಡಿದಂತೆ. ಸಾವಾದ ಮನೆಯವರು ಮಾತ್ರ ಆರಿಸುತ್ತಾರೆ. ಹೀಗೆ ದಿನವೂ ನೋಡುವ ಮನೆಯ ಹೊಸಲನ್ನು ಯಾರೂ ದಾಟುವುದಿಲ್ಲ. ಬೀದಿಯಲ್ಲಿ ನಿಂತು ಮಾತಾಡಬಹುದು, ಒಳಗೆ ಕಾಲಿಡುವಂತಿಲ್ಲ. ಹಾಸಿಗೆ ಹಿಡಿದವರನ್ನು ಬಾಗಿಲಿಗೆ ತಂದು ಎದುರಿನವರ ಕಣ್ಣಿಗೆ ತೋರಿಸುವುದೂ ಇಲ್ಲ. ನೋಡುವುದಕ್ಕೆ ಏಳು ಗಂಟೆ ಇದೆ.

ಹೊಸ ಟೀವಿಗಳಿಗೆ ಅಂಗಡಿಯವರು ಅಲ್ಟ್ರಾ ಎಚ್‌ಡಿ ಎನ್ನುತ್ತಾರೆ. ನಮ್ಮ ಹಳೆಯ ಡಬ್ಬದ ಟೀವಿಯಲ್ಲಿ ಒಂದು ಚುಕ್ಕೆ ಇದ್ದ ಕಡೆ ಇದರಲ್ಲಿ ಇಪ್ಪತ್ತು ಚುಕ್ಕೆ. ನಾನೇ ಭಾಗಿಸಿ ನೋಡಿದ್ದೇನೆ. ಶೇಷವಿಲ್ಲದೆ ಇಪ್ಪತ್ತು ಬರುತ್ತದೆ. ಆದರೆ ಒಂದು ಮನೆಯಲ್ಲಿ ಹೊಸದು, ಎದುರು ಮನೆಯಲ್ಲಿ ಹಳೆಯದು ಇದ್ದರೆ ಎರಡರಲ್ಲೂ ಬರಿಯ ಪಟ್ಟೆ ಓಡುತ್ತದೆ. ಆದ್ದರಿಂದ ಎದುರು ಬದುರು ಮನೆಯವರು ಸಂಬಂಧ ಕುದುರಿಸುವವರಂತೆ ಹಿರಿಯರನ್ನು ಮುಂದಿಟ್ಟುಕೊಂಡು ಬೀದಿಯ ನಡುವೆ ಮಾತಾಡಬೇಕಾಯಿತು. ಎಷ್ಟು ಇಂಚು, ಯಾವ ಸೆಟ್‌ಟಾಪ್ ಪೆಟ್ಟಿಗೆ, ಗೋಡೆಗೋ ಮೇಜಿಗೋ, ಹೊಂದುತ್ತದೋ ಇಲ್ಲವೋ ಎಂಬುದೇ ಆ ವರ್ಷವಿಡೀ ಮಾತಾಯಿತು. ನಾನು ಆ ಮಾತಿಗೆ ಸೇರಲಿಲ್ಲ. ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟವನು ನಾನು, ಮರುಳಯ್ಯ. ಸೀಮೆಸುಣ್ಣದ ತುಂಡುಗಳನ್ನು ಜೇಬಿನಲ್ಲಿ ತಂದು ಹೆಂಡತಿಗೆ ರಂಗೋಲಿಗೆ ಕೊಡುತ್ತಾನೆಂದು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ಸುಳ್ಳಲ್ಲ, ಕೊಡುತ್ತಿದ್ದೆ. ನಡೆಯುತ್ತಿರುವ ವಸ್ತುವನ್ನು ಬದಲಾಯಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು ಲೆಕ್ಕ.

ನನ್ನ ಹೆಂಡತಿ ರುದ್ರಾಂಬೆಗೆ ಆ ವರ್ಷದ ಬೇಸಿಗೆಯಲ್ಲಿ ಲಕ್ವ ಹೊಡೆದಿತ್ತು. ಬಲಭಾಗವೂ ಮಾತೂ ಹೋದವು. ಎಡಗೈಯಲ್ಲಿ ಬೆರಳುಗಳಷ್ಟೇ ಆಡುತ್ತಿದ್ದವು. ನಮಗೆ ಮಕ್ಕಳಿಲ್ಲ. ನಡುಮನೆಯಲ್ಲಿ, ಟೀವಿಯ ಎದುರಿಗೆ ಅವಳ ಮಂಚ ಹಾಕಿದ್ದೆ. ಗಂಜಿ ಕುಡಿಸುವುದು, ಮೈ ಒರೆಸುವುದು, ಬಟ್ಟೆ ಬದಲಾಯಿಸುವುದು, ಎಲ್ಲವನ್ನೂ ವೇಳೆಗೆ ಸರಿಯಾಗಿ ಮಾಡುತ್ತಿದ್ದೆ. ‘ಬಾಯಿ ತೆಗೆ’, ‘ನುಂಗು’, ‘ಆಯಿತು’ ಎಂಬ ಮೂರು ಮಾತುಗಳಲ್ಲಿ ನಮ್ಮ ದಿನ ಕಳೆಯುತ್ತಿತ್ತು. ಬೆರಳುಗಳು ಆಡುವುದನ್ನು ನರದ ಕಂಪನ ಎಂದು ಡಾಕ್ಟರು ಹೇಳಿದ್ದರು, ನಾನು ನಂಬಿದ್ದೆ.

ಆ ಮಂಗಳವಾರ ಬೆಳಿಗ್ಗೆ ಹಾಲು ತರಲು ಹೊರಟವನನ್ನು ಹಾಲಮ್ಮನವರು ತಮ್ಮ ಜಗಲಿಯಿಂದ ಕೂಗಿದರು. ಅವರು ಗಂಡ ಸತ್ತಮೇಲೆ ಹೂ ಕಟ್ಟಿ ಮಾರಿ ಒಬ್ಬರೇ ಬದುಕಿದವರು. ಮಡಿಲಲ್ಲಿ ಮೊಗ್ಗು, ಕಾಲ ಹೆಬ್ಬೆರಳಿಗೆ ಸುತ್ತಿದ ಬಾಳೆನಾರು. “ಮೇಷ್ಟ್ರೇ, ಒಂದ್ನಿಮಿಷ ನಿಂತ್ಕಳ್ರಿ. ರುದ್ರಕ್ಕನ ಕೈ ಏನೋ ಹೇಳ್ತೈತೆ. ನನ್ ಟೀವಿಯಾಗೆ ಅಂಗೈ ಬೆರಳು ಎಲ್ಲ ಸೇರಿ ಒಂದೇ ಮುದ್ದೆ. ಬಿಡಿಬಿಡಿಯಾಗಿ ಕಾಣ್ಸಲ್ಲ.”

“ಅದು ನರದ ಕಂಪನ. ಡಾಕ್ಟರು ಹೇಳಿದ್ದಾರೆ.”

“ಡಾಕ್ಟ್ರ ಮನೆ ಎದ್ರಿಗೆ ಯಾರಿದಾರೋ ನಂಗೊತ್ತಿಲ್ಲ. ನನ್ ಎದ್ರಿಗೆ ಇರೋದು ರುದ್ರಕ್ಕ. ಇಪ್ಪತ್ತು ವರ್ಷದಿಂದ ಮಾತಾಡ್ತೀವಿ ನಾವು.”

“ಮಾತೇ? ಟೀವಿಯಲ್ಲಿ ಶಬ್ದವೇ ಬರುವುದಿಲ್ಲವಲ್ಲ.”

ಹಾಲಮ್ಮನವರು ನಕ್ಕರು. “ಶಬ್ದ ಇದ್ದಿದ್ರೆ ನಿಮಗೂ ಕೇಳ್ತಿತ್ತಲ್ರೀ! ಮೊರ ಎರಡು ಸಲ ಕೇರಿದ್ರೆ ‘ನಾಳೆ ಸಂತೆಗೆ ಬರ್ತೀಯಾ’ ಅಂತ. ಮಡಚಿದ ಸೀರೆ ಬಿಚ್ಚಿ ಮತ್ತೆ ಮಡಚಿದ್ರೆ ‘ಮನಸ್ಸು ಸರಿಯಿಲ್ಲ’ ಅಂತ. ಸೆರಗು ಜೋರಾಗಿ ಕೊಡವಿದ್ರೆ ‘ಇವತ್ತು ಇವರಿಗೆ ಸಿಟ್ಟು ಬಂದೈತೆ’ ಅಂತ. ಅದನ್ನ ಮಾತ್ರ ದಿನಾ ಕೊಡವೋರು. ಟೀವಿ ಮಬ್ಬಲ್ವಾ, ದೊಡ್ಡದಾಗಿ ಮಾಡಬೇಕಿತ್ತು. ಬೆರಳಿನ ಮಾತು ಸಂತೆ ಗದ್ದಲದಾಗೆ ಆಡ್ತಿದ್ವಿ. ಈಗ ಪಾಪ, ಅದಷ್ಟೇ ಉಳಿದೈತೆ.”

ನಾನು ಹಾಲಿನ ಪಾತ್ರೆ ಹಿಡಿದುಕೊಂಡು ನಿಂತಿದ್ದೆ. ಇಪ್ಪತ್ತು ವರ್ಷವೂ ಆ ಅರ್ಧ ಗಂಟೆ ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದವನು ನಾನು. ‘ಎದುರು ಹೊತ್ತಿನಲ್ಲಿ ಒಂದು ಕಡೆ ಕೂತುಕೊಳ್ಳಬಾರದೇ? ನೋಡುವವರು ಏನೆಂದುಕೊಳ್ಳುತ್ತಾರೆ?’ ಎಂದು ಗದರುತ್ತಿದ್ದೆ. ಆಗ ಅವಳು ಸೆರಗು ಕೊಡವುತ್ತಿದ್ದಳು.

“ನೀವೇ ಕಲ್ತುಬಿಡ್ರಿ ಮೇಷ್ಟ್ರೇ,” ಎಂದರು ಹಾಲಮ್ಮನವರು. “ಕೈ ನಿಮ್ ಕಣ್ಮುಂದೇ ಐತೆ, ಟೀವಿನೂ ಬ್ಯಾಡ ಏನೂ ಬ್ಯಾಡ. ದಿನಾ ಇಲ್ಲಿ ಬೀದಿಯಾಗೆ ನಿಂತ್ಕಳ್ರಿ, ಒಂದೊಂದೇ ಹೇಳಿಕೊಡ್ತೀನಿ.” ಬೀದಿಯ ನಡುವೆ, ಹೂವಿನವಳ ಎದುರು ಬೆರಳು ಮಡಚಿಕೊಂಡು ನಿಲ್ಲುವ ನನ್ನನ್ನು ನಾನು ಕಲ್ಪಿಸಿಕೊಂಡೆ. “ಬೇಡ ಹಾಲಮ್ಮ. ನೀನು ಹೊಸ ಟೀವಿ ತೆಗೆದುಕೋ, ನಾನೂ ತೆಗೆದುಕೊಳ್ಳುತ್ತೇನೆ,” ಎಂದೆ. ಕಲಿಯುವುದಕ್ಕಿಂತ ಖರ್ಚು ಮಾಡುವುದು ನನಗೆ ಸುಲಭವಾಗಿ ಕಂಡದ್ದು ಜೀವನದಲ್ಲಿ ಅದೊಂದೇ ಸಲ.

ಹಾಲಮ್ಮನವರು ಕಂತಿನ ಮೇಲೆ ಮೊದಲು ತಂದರು. ಮಾರನೆಯ ದಿನ ನಾನು ಅಂಗಡಿಗೆ ಹೋದೆ. ಅಂಗಡಿಯ ಓಂಕಾರಪ್ಪ ನನ್ನ ಹತ್ತಿರ ಲೆಕ್ಕ ಕಲಿತವನು. ಈಗ ಅವನಿಗೂ ಕೂದಲು ನೆರೆತಿದೆ. ನಮ್ಮ ಗೋಡೆ ಭಾರ ತಡೆದೀತೇ, ಹಳೆಯ ಸ್ಟೆಬಿಲೈಸರು ನಡೆದೀತೇ, ಮಂಚದಿಂದ ಟೀವಿಗೆ ಎಷ್ಟು ಅಡಿ ಇರಬೇಕು ಎಂದೆಲ್ಲ ನಾನು ಕೇಳಿದ್ದಕ್ಕೆ ಅವನು ತಾಳ್ಮೆಯಿಂದ ಉತ್ತರ ಕೊಟ್ಟ. ಕೊನೆಗೆ, “ಅದೆಲ್ಲ ಹೆಂಗಾದ್ರೂ ಹೊಂದಿಸ್ಬೋದು ಸಾರ್. ಮೂರು ಮಾತ್ರ ಹೊಸದೇ ಆಗ್ಬೇಕು: ಟೀವಿ, ಪೆಟ್ಟಿಗೆ, ವೈರು. ಮೂರರಾಗೆ ಒಂದು ಹಳೇದಿದ್ರೂ ಚಿತ್ರ ಹಳೇದೇ ಬರೋದು. ಎದ್ರು ಮನೆಗೂ ಅಷ್ಟೇ,” ಎಂದ.

“ವೈರು ಮನೆಯಲ್ಲಿದೆ.”

“ಅದು ಹೊಂದಲ್ಲ ಸಾರ್. ಒಂದು ತಿರುಪು ಹಾಕಿದ್ರೆ ತುದಿ ಕೂತ್ಕಂತೈತೆ, ಚಿತ್ರ ಕೂತ್ಕಳಲ್ಲ.”

“ಒಳ್ಳೆಯ ತಾಮ್ರದ ವೈರು. ನಿನ್ನದಕ್ಕಿಂತ ದಪ್ಪ.”

“ದಪ್ಪದ ಲೆಕ್ಕ ಅಲ್ಲ ಸಾರ್ ಇದು.”

“ಲೆಕ್ಕವನ್ನು ನನಗೆ ಬಿಡು.” ಅವನು ಬಿಟ್ಟ. ಟೀವಿಯೂ ಪೆಟ್ಟಿಗೆಯೂ ಕೈಗಾಡಿಯಲ್ಲಿ ಬಂದವು. ನಾನು ಹಳೆಯ ವೈರಿನ ಬಿರುಕು ಬಿಟ್ಟ ಮೈಗೆ ಹೊಸ ಕಪ್ಪು ಟೇಪು ಸುತ್ತಿ ಜೋಡಿಸಿದೆ. ಮಂಚದ ಮೇಲಿಂದ ರುದ್ರಾಂಬೆ ನೋಡುತ್ತಿದ್ದಳು. ಸಂಜೆ ಹಾಲಮ್ಮನವರು ಬೀದಿಯಿಂದ, “ಮೂರೂ ಹೊಸದೇ ತಾನೇ ಮೇಷ್ಟ್ರೇ? ಓಂಕಾರಿ ಮೂರೂ ಅಂದಿದ್ದ,” ಎಂದು ಕೇಳಿದರು. ಅಕ್ಕಪಕ್ಕದವರು ಜಗಲಿಯಲ್ಲಿದ್ದರು. ಸೀಮೆಸುಣ್ಣದ ನಗೆ ಅವರ ಮುಖಗಳಲ್ಲಿ ಆಗಲೇ ತಯಾರಾಗುತ್ತಿದ್ದಂತೆ ನನಗೆ ಕಂಡಿತು. “ಮೂರೂ ಹೊಸದೇ,” ಎಂದೆ.

ಏಳಕ್ಕೆ ಪಟ್ಟೆ ಓಡಲಿಲ್ಲ. ದೊಡ್ಡ ಪರದೆಯ ಮೇಲೆ ಹಾಲಮ್ಮನವರ ನಡುಮನೆ ಬಂತು; ದೊಡ್ಡದಾಗಿ, ಮೊದಲಿನಷ್ಟೇ ಮಬ್ಬಾಗಿ. ಅವರು ಪರದೆಯ ಹತ್ತಿರ ಮುಖ ತಂದು ಕಣ್ಣು ಕಿರಿದು ಮಾಡುತ್ತಿದ್ದದ್ದನ್ನು ನಾನು ಅಂದಾಜಿನಿಂದ ತಿಳಿದೆ. ಹೊಸ ಯಂತ್ರ, ಪಳಗಲು ಕೆಲವು ದಿನ ಬೇಕು ಎಂದು ಸಮಾಧಾನ ಮಾಡಿಕೊಂಡೆ. ಪಳಗಲಿಲ್ಲ. ವೈರು ತಂದಿದ್ದರೆ ಒಂದು ಗಳಿಗೆಯ ಕೆಲಸವಾಗಿತ್ತು. ಆದರೆ ವೈರಿನ ಸುರುಳಿ ಹಿಡಿದು ಆ ಬೀದಿಯಲ್ಲಿ ಬಂದರೆ ನನ್ನ ಮಾತು ಸುಳ್ಳೆಂದು ನಾನೇ ಸಾರಿದಂತಾಗುತ್ತಿತ್ತು. ಬೇರೆ ದಾರಿ ಹುಡುಕಿದೆ. ಉತ್ತರ ಪತ್ರಿಕೆ ತಿದ್ದುವಾಗ ಬಳಸುತ್ತಿದ್ದ ಮೇಜಿನ ದೀಪವನ್ನು ಅಟ್ಟದಿಂದ ಇಳಿಸಿ, ಅವಳ ಕೈಯೂ ಮುಖವೂ ಬೆಳಗುವಂತೆ ಸ್ಟೂಲಿನ ಮೇಲಿಟ್ಟೆ. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ನಾಲ್ಕು ಅಡಿಯಿಂದ ಎರಡಕ್ಕೆ ತಂದೆ; ಎರಡರಿಂದ ಒಂದಕ್ಕೆ ತಂದೆ. ಹದಿನಾರು ಪಟ್ಟಾಯಿತು. ಬೇಕಾದದ್ದು ಇಪ್ಪತ್ತು, ಹದಿನಾರನ್ನು ನಾನು ದೀಪದಿಂದಲೇ ತುಂಬಿದ್ದೇನೆ ಎಂದು ನನಗೆ ಹೆಮ್ಮೆಯೂ ಆಯಿತು. ಚುಕ್ಕೆ ಬೇರೆ, ಬೆಳಕು ಬೇರೆ ಎಂಬುದನ್ನು ಎಂಟನೆಯ ತರಗತಿಯ ಹುಡುಗ ಹೇಳಿಬಿಡುತ್ತಿದ್ದ.

ದೀಪ ಬಂದ ಮೇಲೆ ಅವಳ ಬೆರಳುಗಳು ಮೊದಲಿಗಿಂತ ಹೆಚ್ಚು ಆಡತೊಡಗಿದವು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ಗೆಳತಿಯನ್ನು ದೊಡ್ಡ ಪರದೆಯಲ್ಲಿ ನೋಡುವ ಸಂತೋಷ ಎಂದು ನಾನು ಬಗೆದು, ಒರೆಸಿ, ದೀಪವನ್ನು ಇನ್ನೂ ಸರಿಯಾಗಿ ತಿರುಗಿಸುತ್ತಿದ್ದೆ. ಮೂರು ವಾರ ಹೀಗೆ ನಡೆಯಿತು.

ಕೊನೆಗೆ ಹಾಲಮ್ಮನವರು ಅಂಗಡಿಗೆ ಹೋಗಿ ಕೂಗಾಡಿದರು. ಓಂಕಾರಪ್ಪ ಬಂದ. ಅವರ ಮನೆಯಲ್ಲಿ ಎಲ್ಲವೂ ಸರಿಯಿತ್ತು. ಬೀದಿ ದಾಟಿ ನನ್ನ ಬಾಗಿಲಿಗೆ ಬಂದು, “ಸಾರ್, ನಿಮ್ ಕಡೇದು ಒಂದ್ಸಲ ನೋಡ್ತೀನಿ,” ಎಂದ. ಅವನಿಗೆ ನಾವು ಎದುರು ಮನೆಯಲ್ಲ, ಒಳಗೆ ಬರಬಹುದಾಗಿತ್ತು. “ನೋಡುವುದೇನಿದೆ, ಎಲ್ಲ ಸರಿಯಾಗಿದೆ,” ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಅವನು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ ನನ್ನ ತೋಳಿನ ಕೆಳಗೆ ನುಸುಳಿ ಒಳಗೆ ಬಂದ. ಟೀವಿಯ ಹಿಂದೆ ಕೈ ಹಾಕಿದ. ಟೇಪಿನ ಒಂದು ಸುತ್ತು ಬಿಚ್ಚಿ, ಮತ್ತೆ ಸುತ್ತಿದ. ಮಂಚದ ಕಡೆ ನೋಡಿ, “ಅಮ್ಮೋರೆ, ಚೆನ್ನಾಗಿದೀರಾ?” ಎಂದ. ನನ್ನ ಕಡೆ ತಿರುಗಲಿಲ್ಲ.

ಹೊರಗೆ ಏಳೆಂಟು ಜನ ಸೇರಿದ್ದರು. ಹಾಲಮ್ಮನವರು ಸೊಂಟಕ್ಕೆ ಸೆರಗು ಸಿಕ್ಕಿಸಿ ಬೀದಿಯ ನಡುವೆ ನಿಂತಿದ್ದರು. ಓಂಕಾರಪ್ಪ ಜಗಲಿಯಿಂದಲೇ, “ತಪ್ಪು ನಂದೇ ಹಾಲಮ್ಮೋರೆ. ಮೇಷ್ಟ್ರಿಗೆ ಕೊಟ್ಟ ವೈರು ಒಳಗೇ ತುಂಡಾಗೈತೆ. ನೋಡ್ದೆ ಕೊಟ್ಟುಬಿಟ್ಟೆ. ಈಗ್ಲೇ ಬೇರೆ ಹಾಕ್ತೀನಿ,” ಎಂದ.

“ಥೂ ನಿನ್ನ! ಹಾಸಿಗೆ ಹಿಡಿದೋರ ಮನೆಗೂ ಕೆಟ್ಟ ಮಾಲು ತಳ್ಳಿದ್ಯಲ್ಲೋ! ಮೂರು ವಾರ ಆ ತಾಯಿ ಕೈ ಆಡಿಸಿ ಆಡಿಸಿ ಸೋತ್ಲು. ನಿನ್ ಅಂಗಡಿ ದೇವ್ರಿಗೆ ಇವತ್ತಿಂದ ನನ್ ಹೂವಿಲ್ಲ. ಎಲ್ಲಾದ್ರೂ ಪ್ಲಾಸ್ಟಿಕ್ಕಿಂದು ತಗಂಡು ಹಾಕ್ಕೋ ಹೋಗು!” ಜನ ನಕ್ಕರು. ಓಂಕಾರಪ್ಪನೂ ನಕ್ಕಂತೆ ಮಾಡಿದ. ನಾನು ಹೊಸಲಿನ ಮೇಲೆ ನಿಂತಿದ್ದೆ. ಒಂದು ಮಾತು ಸಾಕಾಗಿತ್ತು. ಆಡಲಿಲ್ಲ.

ಹೊಸ ವೈರನ್ನು ಜೋಡಿಸುವಾಗ ಅವನು ಮೆಲ್ಲಗೆ, “ಬೀದಿಯಾಗೆ ನಿಮ್ಮನ್ನ ನಿಲ್ಸೋಕೆ ಮನಸ್ಸಾಗ್ಲಿಲ್ಲ ಸಾರ್. ವೈರಿನ ದುಡ್ಡು ಮಾತ್ರ ಬಿಡಲ್ಲ,” ಎಂದ. ಕೊಟ್ಟೆ. ಎಣಿಸಿ ತೆಗೆದುಕೊಂಡ.

ಅಂದು ಏಳಕ್ಕೆ ಪರದೆ ಬೆಳಗಿದಾಗ ನಾನು ಹಿಂದಕ್ಕೆ ಸರಿದೆ. ಬುಟ್ಟಿಯಲ್ಲಿನ ಮೊಗ್ಗುಗಳ ಒಂದೊಂದು ತೊಟ್ಟೂ ಕಾಣುತ್ತಿತ್ತು. ಹಾಲಮ್ಮನವರು ನಾನು ತಿಳಿದದ್ದಕ್ಕಿಂತ ಬಹಳ ಮುದುಕಿಯಾಗಿದ್ದರು. ಬೆರಳ ತುದಿಗಳಲ್ಲಿ ನಾರು ಕುಯ್ದ ಗೆರೆಗಳಿದ್ದವು. ಅವರು ನಮ್ಮ ಕಡೆ ನೋಡಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡರು. ನಮ್ಮ ನಡುಮನೆ ಅಲ್ಲಿ ಹೇಗೆ ಕಂಡಿತೆಂಬುದನ್ನು ನಾನು ಅವರ ಮುಖದಲ್ಲಿಯೇ ನೋಡಬೇಕಾಯಿತು. ರುದ್ರಾಂಬೆಯ ಬೆರಳುಗಳು ಆಡಿದವು, ನಿಂತವು, ಮತ್ತೆ ಬಹಳ ಹೊತ್ತು ಆಡಿದವು. ಏಳೂವರೆ ಆಗುತ್ತಲೇ ಹಾಲಮ್ಮನವರು ಬೀದಿಗೆ ಬಂದು ಕೂಗಿದರು.

“ಮೇಷ್ಟ್ರೇ! ಆ ದೀಪ ತೆಗೀರಿ. ಕಣ್ಣಿಗೆ ಹೊಡೀತೈತಂತೆ. ಮೂರು ವಾರದಿಂದ ಅದೊಂದೇ ಹೇಳ್ತಿದ್ದಾರಂತೆ. ‘ದೀಪ ತಿರುಗಿಸು, ದೀಪ ತಿರುಗಿಸು’ ಅಂತ.”

ನಾನು ಜಗಲಿಯ ಅಂಚಿಗೆ ಬಂದೆ. “ಇನ್ನೇನು ಹೇಳಿದಳು? ಬಹಳ ಹೊತ್ತು ಹೇಳಿದಳಲ್ಲ.”

“ಇನ್ನೊಂದು ಮಾತೈತೆ. ಅದು ನನಗೆ ಹೇಳಿದ್ದು,” ಎಂದು ಅವರು ಒಳಗೆ ಹೋದರು.

ದೀಪವನ್ನು ಗೋಡೆಯ ಕಡೆ ತಿರುಗಿಸಿದೆ. ರುದ್ರಾಂಬೆ ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟಳು. ರೆಪ್ಪೆಗಳು ಕೆಂಪಾಗಿ ಊದಿದ್ದವು. ಅಷ್ಟು ಹತ್ತಿರದಲ್ಲಿ ಇದ್ದವನಿಗೆ ಅದು ಕಂಡಿರಲಿಲ್ಲ.

ಆಮೇಲೆ ಪ್ರತಿ ಸಂಜೆಯೂ ಬೀದಿಯಿಂದ ಸುದ್ದಿ ಬರತೊಡಗಿತು. ಗಂಜಿಗೆ ಉಪ್ಪು ಜಾಸ್ತಿ. ಎಡಕ್ಕೆ ಹೊರಳಿಸಿದರೆ ಒಳ್ಳೆಯದು, ಬಲಕ್ಕೆ ಬೇಡ. ಕ್ಯಾಲೆಂಡರಿನ ಹಾಳೆ ತಿರುವಿಲ್ಲ. ಮೈ ಒರೆಸುವಾಗ ಕಿಟಕಿ ಮುಚ್ಚಬೇಕು. “ಇನ್ನೂ ಐತೆ ಮೇಷ್ಟ್ರೇ, ಪಟ್ಟಿ ದೊಡ್ಡದು,” ಎಂದು ಹಾಲಮ್ಮನವರು ನಗುತ್ತಿದ್ದರು. ಪಕ್ಕದ ಮನೆಯವರೂ ಕೇಳಿಸಿಕೊಂಡು ನಗುತ್ತಿದ್ದರು. ಆ ನಗೆಗೆ ಹೆದರಿಯೇ ನಾನು ಸುಳ್ಳು ಹೇಳಿದ್ದೆ. ಈಗ ಅದು ಬಂದಾಗ ಕೇಳಿಕೊಂಡು ನಿಲ್ಲಬಹುದಾದಷ್ಟೇ ಇತ್ತು.

ಓಂಕಾರಪ್ಪನ ವಿಷಯ ಉಳಿದಿತ್ತು. ನಾಳೆ ಹಾಲಮ್ಮನವರಿಗೆ ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಎಷ್ಟೋ ನಾಳೆಗಳು ಕಳೆದವು. ಬೀದಿಯ ನಡುವೆ ಹೇಳಲಾಗದಿದ್ದರೆ ಅವನಿಗಾದರೂ ಹೇಳೋಣವೆಂದು ಒಂದು ಬೆಳಿಗ್ಗೆ ಅಂಗಡಿಗೆ ಹೋದೆ. ಅವನ ದೇವರ ಪಟಕ್ಕೆ ಎರಡು ಮೊಳ ಮಲ್ಲಿಗೆ ಹಾಕಿತ್ತು. ಆ ಕಟ್ಟು ನನಗೀಗ ಚೆನ್ನಾಗಿ ಗೊತ್ತು. ದಿನವೂ ಇಪ್ಪತ್ತು ಪಟ್ಟು ಸ್ಪಷ್ಟವಾಗಿ ನೋಡುತ್ತೇನೆ.

“ಹಾಲಮ್ಮ ಬಂದಿದ್ದರೇ?” ಎಂದೆ.

“ವೈರು ಹಾಕಿದ ಮಾರನೇ ದಿನವೇ ಬಂದ್ರು ಸಾರ್. ‘ತಪ್ಪು ತಿಳಿದು ಬೈದೆ, ಮನಸ್ಸಿಗೆ ಹಚ್ಚಿಕೋಬ್ಯಾಡಪ್ಪ’ ಅಂದ್ರು. ನಾನು, ‘ಇಲ್ಲಮ್ಮ, ತಪ್ಪು ನಂದೇ’ ಅಂದೆ. ‘ಸುಮ್ನಿರು, ರುದ್ರಕ್ಕನೇ ಹೇಳಿದಾಳೆ. ಟೇಪು ಸುತ್ತಿದ್ದನ್ನ ಅವಳು ಮಂಚದ ಮೇಲಿಂದ ನೋಡಿದಾಳೆ. ಆ ಹುಡುಗನ್ನ ಬೈಬೇಡ ಅಂತ ಹೇಳ್ಕಳಿಸಿದಾಳೆ’ ಅಂದ್ರು.” ಅವನು ಬಟ್ಟೆ ತೆಗೆದುಕೊಂಡು ಒರೆಸಬೇಕಿಲ್ಲದ ಒಂದು ಟೀವಿಯನ್ನು ಒರೆಸತೊಡಗಿದ. “ನಿಮಗೆ ಹೇಳಬಾರದು ಅಂತನೂ ಅಂದಿದ್ರು. ಬಾಯಿ ತಪ್ಪಿ ಬಂತು ಸಾರ್.”

ಹಾಗಾದರೆ ಏಳು ತಿಂಗಳ ಮೇಲೆ ಮಾತು ಸಿಕ್ಕಿದಾಗ ಅವಳು ಆಡಿದ ಎರಡನೆಯ ಮಾತು ಅದು. ಮೊದಲನೆಯದು ತನ್ನ ಕಣ್ಣಿಗೆ. ಎರಡನೆಯದು, ನಾನು ಬಾಯಿ ಮುಚ್ಚಿ ನಿಂತು ಬೈಸಿದವನಿಗೆ. ಹಾಲಮ್ಮನವರು ಇಷ್ಟು ದಿನವೂ ತಿಳಿದೇ ನನ್ನ ಜೊತೆ ನಗುತ್ತಿದ್ದರು. ನಾನು ಓಂಕಾರಪ್ಪನಿಗೆ ಹೇಳಲು ಬಂದದ್ದನ್ನು ಅವಳು ಆಗಲೇ ಹೇಳಿಯಾಗಿತ್ತು. “ನಾನು ತಪ್ಪು ಮಾಡಿದೆನಪ್ಪ,” ಎಂದೆ. “ಅಯ್ಯೋ, ಬಿಡಿ ಸಾರ್, ಅದು ಮುಗಿದಹಂಗೆ,” ಎಂದ. ಅವನ ಕಡೆ ಮುಗಿದಿತ್ತು.

ಆ ಸಂಜೆ ನಾನು ಕುರ್ಚಿಯನ್ನು ಟೀವಿಯ ಕಡೆಯಿಂದ ಮಂಚದ ಕಡೆಗೆ ತಿರುಗಿಸಿ ಹಾಕಿ ಕುಳಿತೆ. ಅವಳಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ. ನಾನು ಏನನ್ನು ಬೇಕಾದರೂ ಯಾವತ್ತು ಬೇಕಾದರೂ ಅವಳಿಗೆ ಹೇಳಬಹುದಾಗಿತ್ತು. ಅದಕ್ಕೆ ಟೀವಿಯೂ ಬೇಕಿರಲಿಲ್ಲ, ವೈರೂ ಬೇಕಿರಲಿಲ್ಲ. “ವೈರು ಹಳೆಯದಾಗಿತ್ತು,” ಎಂದೆ. “ಹೊಸದೆಂದು ಸುಳ್ಳು ಹೇಳಿದೆ. ದೀಪ ನಿನ್ನ ಕಣ್ಣಿಗೆ ಹೊಡೆಯುತ್ತಿತ್ತು.” ಅವಳು ನನ್ನನ್ನೇ ನೋಡಿದಳು. ಎಡಗೈಯ ಹೆಬ್ಬೆರಳನ್ನು ಅಂಗೈಯೊಳಗೆ ಮಡಚಿ, ಉಳಿದ ನಾಲ್ಕನ್ನು ಅದರ ಮೇಲೆ ಮುಚ್ಚಿ, ಸ್ವಲ್ಪ ಹೊತ್ತು ಹಾಗೆಯೇ ಹಿಡಿದು, ಆಮೇಲೆ ಕಿರುಬೆರಳೊಂದನ್ನೇ ಬಿಡಿಸಿದಳು.

ಏಳೂವರೆಗೆ ನಾನೇ ಮೊದಲು ಬೀದಿಗೆ ಇಳಿದೆ. ಹಾಲಮ್ಮನವರು ಜಗಲಿಗೆ ಬಂದರು. “ಹಾಲಮ್ಮನೋರೆ, ಇದು ಏನು? ನೀವು ನೋಡಿದಿರಲ್ಲ,” ಎಂದು ಎಲ್ಲರ ಎದುರಿಗೆ ನನ್ನ ಕೈ ಎತ್ತಿ, ಬೆರಳು ಮಡಚಿ ತೋರಿಸಿದೆ. ನನ್ನ ಬಾಯಲ್ಲಿ ಮೊದಲ ಸಲ ‘ನೀವು’ ಕೇಳಿದ ಅವರು ಜಗಲಿಯಿಂದ ಒಂದು ಮೆಟ್ಟಿಲು ಇಳಿದು ಬಂದರು. ಆಮೇಲೆ ತಮ್ಮ ಕೈಯಲ್ಲೂ ಅದನ್ನು ಮಾಡಿ ನೋಡಿಕೊಂಡರು; ಮತ್ತೊಮ್ಮೆ ಮಾಡಿ ನೋಡಿಕೊಂಡರು.

“ನನಗೆ ಗೊತ್ತಿಲ್ಲ ಮೇಷ್ಟ್ರೇ. ಇದು ನಮ್ಮಿಬ್ರ ಮಾತಲ್ಲ. ಇಪ್ಪತ್ತು ವರ್ಷದಾಗೆ ಇದನ್ನ ನಂಗೆ ಒಂದ್ಸಲನೂ ಹೇಳಿಲ್ಲ. ನಿಮಗೇ ಅಂತ ಹೊಸದಾಗಿ ಮಾಡಿದಾರೆ.”

ಈಗ ದಿನವೂ ಬೆಳಿಗ್ಗೆ ಬೀದಿಯಲ್ಲಿ ನಿಂತು ಹಾಲಮ್ಮನವರಿಂದ ಪಾಠ ಹೇಳಿಸಿಕೊಳ್ಳುತ್ತಿದ್ದೇನೆ. ಉಪ್ಪು, ನೀರು, ಕಿಟಕಿ, ನೋವು, ಸಾಕು ಎಂಬವು ಬಂದಿವೆ. ರುದ್ರಾಂಬೆ ಸಂಜೆಯ ಹೊತ್ತಿನಲ್ಲಿ ಗೆಳತಿಯೊಂದಿಗೆ ಮಾತು ಮುಗಿಸಿ, ಕೊನೆಗೆ ನನ್ನ ಕಡೆ ಕಣ್ಣು ತಿರುಗಿಸಿ ಆ ಒಂದನ್ನು ಮಾಡುತ್ತಾಳೆ, ಮಾಡಿ ಕಾಯುತ್ತಾಳೆ. ನಾನೂ ನನ್ನ ಬೆರಳುಗಳನ್ನು ಹಾಗೆಯೇ ಮಡಚಿ ಹಿಡಿಯುತ್ತೇನೆ. ಅದು ಕ್ಷಮೆಯೋ ಪ್ರಶ್ನೆಯೋ ತಿಳಿಯದೆ, ಕಿರುಬೆರಳು ಬಿಡಿಸುವಲ್ಲಿಗೆ ಬಂದು ನಿಲ್ಲುತ್ತೇನೆ. ಉತ್ತರ ಇನ್ನೂ ನನ್ನಿಂದ ಬಾಕಿ ಇದೆ.